ಬಿಡಿಭಾಗಗಳ ಪಟ್ಟಿಯಲ್ಲಿ ಲೈಸೆನ್ಸಿಗೂ ಒಂದು ಸಾಲು

ಪ್ಯಾಕಿಂಗ್ ಸಾಲಿನ ನಿಯಂತ್ರಣ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟದ್ದು ರಾತ್ರಿ ಪಾಳಿ ಆರಂಭವಾಗಿ ಒಂದು ಗಂಟೆ ಕಳೆಯುವುದರೊಳಗೆ. ಪರದೆ ಕಪ್ಪಾದಾಗ ನಮಗೆ ಗಾಬರಿಯೇನೂ ಆಗಲಿಲ್ಲ. ಇಂಥ ದಿನ ಬಂದೇ ಬರುತ್ತದೆಂದು ಆ ಡಿಸ್ಕಿನ ಪೂರ್ಣ ನಕಲನ್ನು ಮೊದಲೇ ತೆಗೆದಿಟ್ಟಿದ್ದೆವು, ಉಗ್ರಾಣದಲ್ಲಿ ಅದೇ ಅಳತೆಯ ಹೊಸ ಡಿಸ್ಕ್ ಸಿದ್ಧವಿತ್ತು, ಬದಲಿಸುವ ಕ್ರಮವನ್ನು ಬರೆದು ಕ್ಯಾಬಿನೆಟ್ಟಿನ ಬಾಗಿಲ ಒಳಬದಿಗೆ ಅಂಟಿಸಿಯೂ ಇದ್ದೆವು. 40 ನಿಮಿಷಗಳಲ್ಲಿ ಹೊಸ ಡಿಸ್ಕ್ ಕೂತಿತು, ನಕಲು ಅದರೊಳಗೆ ಇಳಿಯಿತು, ವಿಂಡೋಸ್ ತೆರೆದುಕೊಂಡಿತು, ಸಾಲಿನ ಚಿತ್ರ ಎಂದಿನಂತೆ ಪರದೆಯ ಮೇಲೆ ಮೂಡಿತು. ಮರುಕ್ಷಣವೇ ಆ ಚಿತ್ರದ ಮೇಲೊಂದು ಸಣ್ಣ ಚೌಕ ಬಂದು ನಿಂತಿತು: ಮಾನ್ಯವಾದ ಲೈಸೆನ್ಸ್ ಸಿಗುತ್ತಿಲ್ಲ. ಅಲ್ಲಿಂದ ಆ ಸಾಲು ಮತ್ತೆ ಓಡುವುದಕ್ಕೆ ಒಂಬತ್ತು ಗಂಟೆ ಹಿಡಿಯಿತು. ಆ ಒಂಬತ್ತು ಗಂಟೆಗಳಲ್ಲಿ ಮೋಟರುಗಳು, ಸೆನ್ಸರುಗಳು, ಬೆಲ್ಟುಗಳು ಎಲ್ಲವೂ ಸರಿಯಾಗಿಯೇ ಇದ್ದವು. ಇಲ್ಲದೆ ಹೋಗಿದ್ದು ಕೆಲವೇ ಬೈಟುಗಳ ಒಂದು ಕೀಲಿ ಮಾತ್ರ.

ನಡೆದದ್ದು ಇಷ್ಟು. ಆ ತಂತ್ರಾಂಶದ ಲೈಸೆನ್ಸ್ ಕೀಲಿಯು ಡಿಸ್ಕಿನ ಒಂದು ಅಡಗಿದ ಜಾಗದಲ್ಲಿ, ಅದೇ ಡಿಸ್ಕಿನ ಗುರುತಿಗೆ ಕಟ್ಟಿಕೊಂಡು ಕೂತಿರುತ್ತದೆ. ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದೇ ಹೊರತು ನಕಲು ಮಾಡುವಂತಿಲ್ಲ. ನಾವು ತೆಗೆದಿಟ್ಟ ಪ್ರತಿಯಲ್ಲಿ ಕೀಲಿಯ ಬೈಟುಗಳು ಇದ್ದೇ ಇದ್ದವು, ಆದರೆ ಹೊಸ ಡಿಸ್ಕಿನ ಗುರುತು ಬೇರೆಯಾದುದರಿಂದ ತಂತ್ರಾಂಶ ಅದನ್ನು ಖೋಟಾ ಎಂದೇ ಎಣಿಸಿತು. ಇದಕ್ಕೆ ಪರಿಹಾರವಿಲ್ಲವೆಂದಲ್ಲ. ತಯಾರಕರ ಸಹಾಯ ಕೇಂದ್ರಕ್ಕೆ ಪ್ರಮಾಣಪತ್ರದ ಸಂಖ್ಯೆ ಕೊಟ್ಟು, ಹಳೆಯ ಡಿಸ್ಕ್ ನಾಶವಾಗಿದೆ ಎಂದು ತಿಳಿಸಿದರೆ ಹೊಸ ಕೀಲಿ ಸಿಗುತ್ತದೆ. ಆದರೆ ಸಹಾಯ ಕೇಂದ್ರ ತೆರೆಯುವುದು ಬೆಳಿಗ್ಗೆ, ಮತ್ತು ಆ ಪ್ರಮಾಣಪತ್ರ ಎಲ್ಲಿದೆಯೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಖರೀದಿ ವಿಭಾಗದ ಕಡತದಲ್ಲಿ ಇಡೀ ಯಂತ್ರಕ್ಕೆ ಸೇರಿದ ಒಂದೇ ಬಿಲ್ ಇತ್ತು. ಲೈಸೆನ್ಸನ್ನು ಯಂತ್ರ ಕಟ್ಟಿಕೊಟ್ಟವರು ತಮ್ಮ ಹೆಸರಿನಲ್ಲೇ ಕೊಂಡಿದ್ದರು. ಕೊನೆಗೆ ನಮ್ಮ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಕ್ಯಾಬಿನೆಟ್ಟಿನ ತಳದಲ್ಲಿ ಸರ್ಕ್ಯೂಟ್ ನಕ್ಷೆಗಳ ಜೊತೆ ಒಂದು ಪ್ಲಾಸ್ಟಿಕ್ ಚೀಲ ನೋಡಿದ ನೆನಪಾಗಿ ಹೋಗಿ ತಂದರು. ಪ್ರಮಾಣಪತ್ರ ಅದರೊಳಗಿತ್ತು. ಎಣ್ಣೆಯ ಕಲೆ ಹತ್ತಿ ಸಂಖ್ಯೆಯ ಕೊನೆಯ ಅಕ್ಷರ ಎಂಟೋ, ಇಂಗ್ಲಿಷಿನ ಬಿ ಅಕ್ಷರವೋ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಎರಡನ್ನೂ ಹೇಳಿ ನೋಡಿದೆವು, ಎರಡನೆಯದು ಸರಿಯಾಗಿತ್ತು.

ಆ ರಾತ್ರಿಯ ನಂತರ ನನ್ನಲ್ಲಿ ಗಟ್ಟಿಯಾಗಿ ಬೇರೂರಿದ ಅಭಿಪ್ರಾಯವೊಂದಿದೆ. ಯಂತ್ರದ ಲೈಸೆನ್ಸ್ ಎಂಬುದು ಖರೀದಿ ಕಡತದ ಕಾಗದವಲ್ಲ, ಬೇರಿಂಗ್ ಅಥವಾ ಕಾಂಟ್ಯಾಕ್ಟರಿನಂತೆ ಅದೂ ಯಂತ್ರದ ಒಂದು ಬಿಡಿಭಾಗ. ಆದ್ದರಿಂದ ಅದನ್ನು ನೋಡಿಕೊಳ್ಳಬೇಕಾದವರು ನಿರ್ವಹಣಾ ವಿಭಾಗದವರೇ. ಇಂದು ಹೆಚ್ಚಿನ ಕಡೆ ಅದು ಯಾರದೂ ಆಗಿಲ್ಲ. ಖರೀದಿಯವರ ಲೆಕ್ಕದಲ್ಲಿ ಅದು ಒಮ್ಮೆ ಪಾವತಿಯಾಗಿ ಮುಗಿದ ಖರ್ಚು. ಐಟಿ ವಿಭಾಗದವರು ಕಚೇರಿಯ ಕಂಪ್ಯೂಟರುಗಳನ್ನು ಎಣಿಸುತ್ತಾರೆ. ಯಂತ್ರದ ಕ್ಯಾಬಿನೆಟ್ಟಿನೊಳಗಿನ ಕಂಪ್ಯೂಟರ್ ಅವರ ಜಾಲದಲ್ಲಿರುವುದಿಲ್ಲ, ಪಟ್ಟಿಯಲ್ಲೂ ಇರುವುದಿಲ್ಲ. ಯಂತ್ರ ಕಟ್ಟಿದವರು ಒಪ್ಪಿಸಿ ಹೋಗಿರುತ್ತಾರೆ. ನಡುರಾತ್ರಿ ಅದರ ಎದುರು ನಿಲ್ಲುವವರು ನಾವು.

ಹಾಗೆ ನೋಡಿಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ ಒಂದೇ ಯಂತ್ರದಲ್ಲಿ ಎಷ್ಟು ಬಗೆಯ ಲೈಸೆನ್ಸುಗಳು ಅಡಗಿವೆ ಎಂಬುದು. ಯಂತ್ರವನ್ನು ನಡೆಸುವ ಸಣ್ಣ ಕೈಗಾರಿಕಾ ಕಂಪ್ಯೂಟರಾದ ಪಿಎಲ್‌ಸಿಯ ಪ್ರೋಗ್ರಾಮ್ ಬರೆಯಲು, ತಿದ್ದಲು ಬೇಕಾದದ್ದು ಒಂದು. ಅದು ಇಂಜಿನಿಯರನ ಲ್ಯಾಪ್‌ಟಾಪಿನಲ್ಲಿರುತ್ತದೆ, ಅದಿಲ್ಲದಿದ್ದರೂ ಯಂತ್ರ ಓಡುತ್ತದೆ. ಓಡುವಾಗಲೇ ಬೇಕಾದ ರನ್‌ಟೈಮ್ ಲೈಸೆನ್ಸ್ ಇನ್ನೊಂದು. ಅದು ಹೋದರೆ ಉತ್ಪಾದನೆಯೇ ಹೋಯಿತು. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಮೊದಲ ತಪ್ಪು. ಇಡೀ ಸಾಲನ್ನು ಪರದೆಯ ಮೇಲೆ ತೋರಿಸಿ ನಿಯಂತ್ರಿಸುವ ಸ್ಕಾಡಾ ತಂತ್ರಾಂಶಗಳಲ್ಲಿ ರನ್‌ಟೈಮಿನ ಗಾತ್ರವನ್ನೂ ಅಳೆಯುತ್ತಾರೆ: ಹೊರಗಿನ ಸಾಧನಗಳಿಂದ ಓದುವ ಟ್ಯಾಗುಗಳ, ಅಂದರೆ ಒಂದೊಂದು ಅಳತೆ ಅಥವಾ ಸ್ಥಿತಿಯ, ಎಣಿಕೆಗೆ ತಕ್ಕಂತೆ 128, 512, 2048 ಎಂಬಂತಹ ಮೆಟ್ಟಿಲುಗಳು. ಯಾರೋ ಒಬ್ಬರು ಒಳ್ಳೆಯ ಉದ್ದೇಶದಿಂದಲೇ ನಾಲ್ಕು ತಾಪಮಾನ ಸೆನ್ಸರುಗಳನ್ನು ಸೇರಿಸಿ 510ರಲ್ಲಿದ್ದ ಎಣಿಕೆಯನ್ನು 514ಕ್ಕೆ ಏರಿಸಿದರೆಂದಿಟ್ಟುಕೊಳ್ಳಿ, ಮುಂದಿನ ಬಾರಿ ಕಂಪ್ಯೂಟರನ್ನು ಮರುಚಾಲನೆ ಮಾಡಿದಾಗ ಲೈಸೆನ್ಸ್ ಸಾಲದು ಎಂಬ ದೂರು ಏಳುತ್ತದೆ, ಆ ಹೊತ್ತಿಗೆ ಸೆನ್ಸರು ಸೇರಿಸಿದ ಸಂಗತಿ ಎಲ್ಲರಿಗೂ ಮರೆತುಹೋಗಿರುತ್ತದೆ. ಹೀಗಾಗಿ ಮಾರ್ಪಾಟಿನ ಅರ್ಜಿಯಲ್ಲಿ ಟ್ಯಾಗುಗಳ ಎಣಿಕೆ ಎಷ್ಟಿತ್ತು, ಎಷ್ಟಾಯಿತು ಎಂದು ಬರೆಯುವ ಜಾಗವೊಂದನ್ನು ನಾವು ಸೇರಿಸಿಕೊಂಡಿದ್ದೇವೆ.

ರೋಬೋಟುಗಳ ಕಥೆ ಸ್ವಲ್ಪ ಬೇರೆ. ಅನೇಕ ರೋಬೋಟ್ ಕಂಟ್ರೋಲರುಗಳಲ್ಲಿ ವೆಲ್ಡಿಂಗ್, ಕ್ಯಾಮೆರಾ ದೃಷ್ಟಿ, ಬಲದ ಅಳತೆ, ಓಡುವ ಬೆಲ್ಟಿನ ಜೊತೆ ಕೈಯನ್ನು ಓಡಿಸುವ ಕನ್ವೇಯರ್ ಟ್ರ್ಯಾಕಿಂಗ್, ಬೇರೆ ಬೇರೆ ಜಾಲಸಂಪರ್ಕ ಮುಂತಾದವು ಆಪ್ಷನ್ ಎಂಬ ಹೆಸರಿನಲ್ಲಿ ಬಿಡಿಬಿಡಿಯಾಗಿ ಮಾರಾಟವಾಗುತ್ತವೆ, ಮತ್ತು ಅವನ್ನು ತೆರೆಯುವ ಸಂಕೇತವು ಆ ಒಂದು ಕಂಟ್ರೋಲರಿನ ಕ್ರಮಸಂಖ್ಯೆಗೆ ಮಾತ್ರ ಹೊಂದುತ್ತದೆ. ನಮ್ಮಲ್ಲಿ ಒಂದೇ ಮಾದರಿಯ ಎರಡು ರೋಬೋಟುಗಳಿದ್ದವು; ಒಂದರ ಕಂಟ್ರೋಲರ್ ಕೆಟ್ಟಾಗ ಬಿಡುವಿನಲ್ಲಿದ್ದ ಇನ್ನೊಂದರ ಕಂಟ್ರೋಲರನ್ನು ತಂದು ಜೋಡಿಸಿದೆವು. ಕೇಬಲ್ಲುಗಳು ಹೊಂದಿದವು, ಕೈ ಆರೂ ಅಕ್ಷಗಳಲ್ಲಿ ಸರಾಗವಾಗಿ ತಿರುಗಿತು, ಪ್ರೋಗ್ರಾಮ್ ಮೊದಲ ಹನ್ನೆರಡು ಸಾಲುಗಳವರೆಗೆ ಓಡಿ ಬೆಲ್ಟನ್ನು ಹಿಂಬಾಲಿಸಬೇಕಾದ ಸಾಲಿಗೆ ಬಂದೊಡನೆ ನಿಂತುಬಿಟ್ಟಿತು. ಬಿಡುವಿನ ಕಂಟ್ರೋಲರಿಗೆ ಆ ಆಪ್ಷನ್ನನ್ನು ನಾವು ಕೊಂಡೇ ಇರಲಿಲ್ಲ. ಹೊರನೋಟಕ್ಕೆ ಅವಳಿಗಳಂತೆ ಕಾಣುವ ಎರಡು ಪೆಟ್ಟಿಗೆಗಳು ಒಳಗೆ ಬೇರೆಬೇರೆ ಯಂತ್ರಗಳಾಗಿದ್ದವು. ಬದಲಿ ಕಂಟ್ರೋಲರ್ ಇದೆ ಎಂದು ದಾಸ್ತಾನಿನ ಪುಸ್ತಕದಲ್ಲಿ ಬರೆಯುವ ಮುನ್ನ ಎರಡರ ಆಪ್ಷನ್ ಪಟ್ಟಿಗಳನ್ನೂ ಟೀಚ್ ಪೆಂಡೆಂಟಿನ (ರೋಬೋಟನ್ನು ನಡೆಸಲು ಕೈಯಲ್ಲಿ ಹಿಡಿಯುವ ಫಲಕ) ಪರದೆಯಲ್ಲಿ ತೆರೆದು ಸಾಲುಸಾಲಾಗಿ ಹೋಲಿಸಬೇಕೆಂಬುದನ್ನು ಅಂದು ಕಲಿತೆವು.

ಲೈಸೆನ್ಸ್ ಕೂರುವ ಜಾಗಗಳಿಗೂ ಒಂದು ಇತಿಹಾಸವಿದೆ. ಅದನ್ನು ತಿಳಿದಿರುವುದು ಕೆಲಸಕ್ಕೆ ಬರುತ್ತದೆ, ಏಕೆಂದರೆ ಒಂದೇ ಕಾರ್ಖಾನೆಯ ಸೂರಿನಡಿ ಆ ಇತಿಹಾಸದ ಎಲ್ಲ ತಲೆಮಾರುಗಳೂ ಅಕ್ಕಪಕ್ಕದಲ್ಲಿ ಕೆಲಸ ಮಾಡುತ್ತಿರುತ್ತವೆ. ಮೊದಲು ಕೀಲಿ ಬರುತ್ತಿದ್ದುದು ಫ್ಲಾಪಿ ಡಿಸ್ಕಿನಲ್ಲಿ. ಫ್ಲಾಪಿಯಿಂದ ಕಂಪ್ಯೂಟರಿಗೆ ಕೀಲಿ ಹೋದರೆ ಫ್ಲಾಪಿ ಖಾಲಿ, ಕಂಪ್ಯೂಟರಿನಿಂದ ಹಿಂದಕ್ಕೆ ಬಂದರೆ ಕಂಪ್ಯೂಟರ್ ಖಾಲಿ. ಅದೇ ಕಾಲದಲ್ಲಿ ಕೀಲಿಯನ್ನು ಒಳಗಿಟ್ಟುಕೊಂಡು ಪ್ರಿಂಟರಿನ ಪೋರ್ಟಿಗೆ ಸಿಕ್ಕಿಸುವ, ಡಾಂಗಲ್ ಎಂಬ ಸಣ್ಣ ಸಾಧನಗಳು ಇದ್ದವು, ಪ್ರಿಂಟರಿನ ತಂತಿ ಅದರ ಬೆನ್ನಿಗೆ. ಆಮೇಲೆ ಅವು ಯುಎಸ್‌ಬಿಗೆ ಇಳಿದವು. ಜಾಲದ ಮೇಲೆ ಲೈಸೆನ್ಸ್ ಹಂಚುವ ಪದ್ಧತಿ ಕೂಡ ಹೊಸದಲ್ಲ. ಇಂದು ಫ್ಲೆಕ್ಸ್‌ನೆಟ್ ಎಂದು ಕರೆಯುವ ವ್ಯವಸ್ಥೆ 1988ರಲ್ಲೇ ಫ್ಲೆಕ್ಸ್‌ಎಲ್‌ಎಂ ಎಂಬ ಹೆಸರಿನಲ್ಲಿ ಹುಟ್ಟಿತ್ತು. ಈಗ ಬರುತ್ತಿರುವುದು ಅಂತರಜಾಲದಲ್ಲಿ ಖಾತೆ ತೆರೆದು ಸಕ್ರಿಯಗೊಳಿಸುವ ಬಗೆ. ಯಂತ್ರವೊಂದು 20 ಅಥವಾ 25 ವರ್ಷ ಬಾಳುತ್ತದೆ, ತಂತ್ರಾಂಶದ ಆವೃತ್ತಿಗೆ ಬೆಂಬಲ ಸಿಗುವುದು ಅದರ ಅರ್ಧ ಕಾಲವೂ ಇಲ್ಲ. ಫ್ಲಾಪಿ ಓದುವ ಕಂಪ್ಯೂಟರ್ ಒಂದನ್ನು ನಾವು ಇಂದಿಗೂ ಧೂಳು ಹೊದಿಸಿ ಕಾಪಾಡುತ್ತಿರುವುದು ಹಳೆಯದರ ಮೇಲಿನ ಮೋಹದಿಂದಲ್ಲ.

ಜಾಲದ ಮೇಲೆ ಲೈಸೆನ್ಸ್ ಹಂಚುವ ಕಂಪ್ಯೂಟರ್, ಅಂದರೆ ಲೈಸೆನ್ಸ್ ಸರ್ವರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಫ್ಲೆಕ್ಸ್‌ನೆಟ್ ಬಗೆಯ ಲೈಸೆನ್ಸ್ ಕಡತವನ್ನು ಯಾರು ಬೇಕಾದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಮೊದಲ ಸಾಲಿನಲ್ಲಿ ಸರ್ವರಿನ ಹೆಸರು, ಅದರ ಗುರುತು, ಪೋರ್ಟ್ ಸಂಖ್ಯೆ (ಜಾಲದಿಂದ ಸರ್ವರನ್ನು ತಲುಪುವ ಬಾಗಿಲಿನ ಸಂಖ್ಯೆ) ಇರುತ್ತವೆ. ಪೋರ್ಟ್ ಸಾಮಾನ್ಯವಾಗಿ 27000ರಿಂದ 27009ರ ನಡುವಿನದು. ನಂತರದ ಸಾಲುಗಳಲ್ಲಿ ಒಂದೊಂದು ಸೌಲಭ್ಯದ ಹೆಸರು, ಆವೃತ್ತಿ, ಮುಗಿಯುವ ದಿನಾಂಕ, ಎಷ್ಟು ಜನ ಏಕಕಾಲಕ್ಕೆ ಬಳಸಬಹುದೆಂಬ ಎಣಿಕೆ, ಕೊನೆಗೆ ಉದ್ದವಾದ ಸಹಿ. ಸರ್ವರಿನ ಹೆಸರನ್ನೂ ಪೋರ್ಟನ್ನೂ ನಾವೇ ತಿದ್ದಿಕೊಳ್ಳಬಹುದು. ಗುರುತನ್ನು ತಿದ್ದಿದರೆ ಸಹಿ ಹೊಂದುವುದಿಲ್ಲ, ಕಡತವೇ ಅಮಾನ್ಯ. ಆ ಗುರುತು ಬಹಳಷ್ಟು ಸಲ ಜಾಲದ ಕಾರ್ಡಿನ ಮ್ಯಾಕ್ ವಿಳಾಸವೇ (ತಯಾರಿಕೆಯಲ್ಲೇ ಕಾರ್ಡಿಗೆ ಕೊಟ್ಟ ಗುರುತಿನ ಸಂಖ್ಯೆ) ಆಗಿರುತ್ತದೆ. ಅಂದರೆ ಒಂದು ಕಾರ್ಡ್ ಸುಟ್ಟುಹೋದರೆ ಅದಕ್ಕೆ ಕಟ್ಟಿದ ಎಲ್ಲ ಲೈಸೆನ್ಸುಗಳೂ ಅದರ ಜೊತೆಗೇ ಹೋಗುತ್ತವೆ. ಮೂರು ಸರ್ವರುಗಳನ್ನು ಜೋಡಿಸಿ, ಅವುಗಳಲ್ಲಿ ಎರಡು ಬದುಕಿದ್ದರೂ ಹಂಚಿಕೆ ನಡೆಯುವಂತೆ ಮಾಡುವ ವ್ಯವಸ್ಥೆ ಇದೆ. ಆದರೆ ಮೂರಕ್ಕೂ ಒಂದೇ ಜಾಲ, ಒಂದೇ ವಿದ್ಯುತ್ ಸಾಲು ಇದ್ದಲ್ಲಿ ಅದರಿಂದ ಸಿಗುವ ಭದ್ರತೆ ಅಷ್ಟಕ್ಕಷ್ಟೇ. ನನ್ನ ಮಟ್ಟಿಗೆ ನಿಯಮ ಸರಳ: ಇಂಜಿನಿಯರುಗಳು ಹಂಚಿಕೊಂಡು ಬಳಸುವ ತಂತ್ರಾಂಶಕ್ಕೆ ಸರ್ವರ್ ಇರಲಿ, ಓಡುವ ಯಂತ್ರದ ರನ್‌ಟೈಮ್ ಲೈಸೆನ್ಸ್ ಮಾತ್ರ ಅದೇ ಯಂತ್ರದೊಳಗೆ, ಅದೇ ಕ್ಯಾಬಿನೆಟ್ಟಿನಲ್ಲಿ ಇರಲಿ. ಜಾಲದ ಸ್ವಿಚ್ ಒಂದು ಕೆಟ್ಟ ಕಾರಣಕ್ಕೆ ಪ್ರೆಸ್ ಯಂತ್ರ ನಿಲ್ಲುವುದು ಸಹಿಸುವಂಥದ್ದಲ್ಲ.

ಸರ್ವರಿನಿಂದ ಲ್ಯಾಪ್‌ಟಾಪಿಗೆ ಕೆಲವು ದಿನಗಳ ಮಟ್ಟಿಗೆ ಲೈಸೆನ್ಸನ್ನು ಎರವಲು ಪಡೆದು ಹೊರಗೆ ಹೋಗುವ ಅನುಕೂಲವೂ ಇದೆ. ಒಳ್ಳೆಯದೇ. ಆದರೆ ಮೂರು ದಿನದ ಕೆಲಸಕ್ಕೆ ಮೂವತ್ತು ದಿನದ ಎರವಲು ಪಡೆದು, ಕೆಲಸ ಮುಗಿದ ಮೇಲೆ ಹಿಂತಿರುಗಿಸದೆ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿದರೆ ಅವಧಿ ಮುಗಿಯುವ ತನಕ ಆ ಲೈಸೆನ್ಸ್ ಯಾರಿಗೂ ಸಿಗುವುದಿಲ್ಲ. ಎರವಲಿನ ಗರಿಷ್ಠ ಅವಧಿಯನ್ನು ಏಳು ದಿನಕ್ಕೆ ಇಳಿಸಿದ ಮೇಲೆ ನಮ್ಮಲ್ಲಿ ಈ ತಕರಾರು ಏಳಲಿಲ್ಲ.

ಗಡಿಯಾರದ ವಿಷಯವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಕೈಗಾರಿಕಾ ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ ನಾಣ್ಯದ ಆಕಾರದ ಒಂದು ಬ್ಯಾಟರಿ ಇರುತ್ತದೆ. ವಿದ್ಯುತ್ ಇಲ್ಲದಾಗ ದಿನಾಂಕವನ್ನು ಕಾಯುವುದು ಅದೇ. ವರ್ಷಗಟ್ಟಲೆ ನಿಲ್ಲದೆ ಓಡಿದ ಯಂತ್ರದಲ್ಲಿ ಆ ಬ್ಯಾಟರಿ ಸತ್ತಿರುವುದು ಗೊತ್ತೇ ಆಗುವುದಿಲ್ಲ. ವಾರ್ಷಿಕ ನಿಲುಗಡೆಯಲ್ಲಿ ಮುಖ್ಯ ಸ್ವಿಚ್ ಇಳಿಸಿ, ನಾಲ್ಕು ದಿನಗಳ ನಂತರ ಮತ್ತೆ ಏರಿಸಿದಾಗ ಕಂಪ್ಯೂಟರ್ ತಾನು ಹುಟ್ಟಿದ ವರ್ಷಕ್ಕೆ ಮರಳಿರುತ್ತದೆ. ಅವಧಿಯುಳ್ಳ ಲೈಸೆನ್ಸುಗಳನ್ನು ಕಾಯುವ ತಂತ್ರಾಂಶಗಳಲ್ಲಿ ಗಡಿಯಾರವನ್ನು ಬೇಕೆಂದೇ ಹಿಂದಕ್ಕೆ ತಿರುಗಿಸಿದವರನ್ನು ಹಿಡಿಯುವ ಏರ್ಪಾಡು ಇರುತ್ತದೆ. ಬ್ಯಾಟರಿ ಸತ್ತದ್ದಕ್ಕೂ ಮೋಸಕ್ಕೂ ವ್ಯತ್ಯಾಸ ಅದಕ್ಕೆ ತಿಳಿಯದು. ನಾವು ಈ ಬ್ಯಾಟರಿಗಳನ್ನು ಐದು ವರ್ಷಕ್ಕೊಮ್ಮೆ, ಕಂಪ್ಯೂಟರ್ ಚಾಲನೆಯಲ್ಲಿಲ್ಲದಾಗ ಬದಲಿಸುತ್ತೇವೆ, ಬದಲಿಸಿದ ದಿನಾಂಕವನ್ನು ಪಕ್ಕದಲ್ಲೇ ಪೆನ್ನಿನಿಂದ ಬರೆಯುತ್ತೇವೆ. ಇಡೀ ಕೆಲಸಕ್ಕೆ ಹತ್ತು ನಿಮಿಷ ಸಾಕು.

ಅವಧಿಯ ಮಾತು ಬಂದಿದ್ದರಿಂದ ಚಂದಾ ಪದ್ಧತಿಯ ಬಗ್ಗೆ ನನ್ನ ನಿಲುವನ್ನೂ ಹೇಳಿಬಿಡುತ್ತೇನೆ. ವಿನ್ಯಾಸದ ತಂತ್ರಾಂಶ, ಸಿಮ್ಯುಲೇಷನ್, ವರದಿ ತಯಾರಿಕೆ ಮುಂತಾದವಕ್ಕೆ ವರ್ಷದ ಚಂದಾ ಕೊಡುವುದರಲ್ಲಿ ನನಗೆ ಆಕ್ಷೇಪವಿಲ್ಲ. ಹೊಸ ಆವೃತ್ತಿ ಸಿಗುತ್ತದೆ, ಬೇಡವಾದ ವರ್ಷ ನಿಲ್ಲಿಸಲೂಬಹುದು. ಆದರೆ ಚಲಿಸುವ ಯಂತ್ರದ ಕೆಳಗೆ ಮುಕ್ತಾಯದ ದಿನಾಂಕವುಳ್ಳ ಲೈಸೆನ್ಸ್ ಇರಕೂಡದು. ನವೀಕರಣದ ಆದೇಶ ಸಹಿಗಾಗಿ ಮೇಜಿನಿಂದ ಮೇಜಿಗೆ ಹೋಗುವ ವೇಗ ಎಲ್ಲರಿಗೂ ಗೊತ್ತಿರುವುದೇ. ಯಂತ್ರದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ರನ್‌ಟೈಮ್ ಲೈಸೆನ್ಸ್ ಶಾಶ್ವತವೋ ಅವಧಿಯುಳ್ಳದ್ದೋ, ಅವಧಿ ಮುಗಿದರೆ ಯಂತ್ರ ನಿಲ್ಲುತ್ತದೆಯೋ ಬರೀ ಎಚ್ಚರಿಕೆ ಕೊಡುತ್ತದೆಯೋ, ಸಕ್ರಿಯವಾಗಿರಲು ಅಂತರಜಾಲ ಬೇಕೇ ಬೇಕೋ, ಲೈಸೆನ್ಸ್ ಯಾರ ಹೆಸರಿನಲ್ಲಿ ನೋಂದಣಿಯಾಗುತ್ತದೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಮಾರುವವರು ಸಂತೋಷದಿಂದ ಉತ್ತರ ಬರೆದುಕೊಡುವುದು ಹಣ ಪಾವತಿಯಾಗುವ ಮುಂಚೆಯೇ ಹೊರತು ನಂತರವಲ್ಲ.

ಲೈಸೆನ್ಸ್ ಕಾಯುವ ತಂತ್ರಾಂಶವೂ ಒಂದು ತಂತ್ರಾಂಶವೇ, ಅದಕ್ಕೂ ರಂಧ್ರಗಳಿರುತ್ತವೆ. 2018ರ ಜನವರಿಯಲ್ಲಿ ಸೈಬರ್ ಭದ್ರತಾ ಸಂಸ್ಥೆಯಾದ ಕ್ಯಾಸ್ಪರ್‌ಸ್ಕಿಯ ಸಂಶೋಧಕರು ವ್ಯಾಪಕ ಬಳಕೆಯಲ್ಲಿರುವ ಸೆಂಟಿನೆಲ್ ಹ್ಯಾಸ್ಪ್ ಡಾಂಗಲಿನ ತಂತ್ರಾಂಶದಲ್ಲಿ 14 ದೋಷಗಳನ್ನು ಹೊರಗೆಡವಿದರು. ಡಾಂಗಲನ್ನು ಸಿಕ್ಕಿಸಿದೊಡನೆ ಅದರ ಚಾಲಕ ತಂತ್ರಾಂಶವು ವಿಂಡೋಸ್ ಫೈರ್‌ವಾಲಿನಲ್ಲಿ 1947ನೇ ಪೋರ್ಟನ್ನು ತೆರೆಯುತ್ತಿತ್ತು, ಡಾಂಗಲನ್ನು ಕಿತ್ತ ಮೇಲೂ ಆ ಬಾಗಿಲು ತೆರೆದೇ ಇರುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಯಾಂತ್ರೀಕರಣ ಕ್ಷೇತ್ರದ ಅನೇಕ ತಯಾರಕರು ಬಳಸುವ, ಲೈಸೆನ್ಸ್ ಕಾಯುವ ಇನ್ನೊಂದು ತಂತ್ರಾಂಶವಾದ ಕೋಡ್‌ಮೀಟರಿನಲ್ಲಿ ಕ್ಲಾರೊಟಿ ಎಂಬ ಭದ್ರತಾ ಸಂಸ್ಥೆಯವರು ಕಂಡುಹಿಡಿದ ಆರು ದೋಷಗಳು ಪ್ರಕಟವಾದವು. ಅವುಗಳಲ್ಲೊಂದಕ್ಕೆ ತೀವ್ರತೆಯ ಅಳತೆಯಲ್ಲಿ ಹತ್ತಕ್ಕೆ ಹತ್ತು ಅಂಕ ಬಿದ್ದಿತ್ತು. ಈ ಸುದ್ದಿ ಓದಿದಾಗ ನಮ್ಮ ಯಾವ ಯಂತ್ರಗಳಲ್ಲಿ ಈ ತಂತ್ರಾಂಶವಿದೆ ಎಂದು ತಿಳಿಯಲು ನಮಗೆ ಎರಡು ವಾರ ಬೇಕಾಯಿತು. ಅದನ್ನು ನಾವು ಎಂದೂ ಬೇರೆಯಾಗಿ ಕೊಂಡಿರಲಿಲ್ಲ, ಬೇರೆ ಯಾವುದೋ ತಂತ್ರಾಂಶದ ಜೊತೆ ಸದ್ದಿಲ್ಲದೆ ಒಳಬಂದು ಕೂತಿತ್ತು. ಲೈಸೆನ್ಸುಗಳ ಪಟ್ಟಿಯಲ್ಲಿ ಕಾಯುವ ತಂತ್ರಾಂಶದ ಹೆಸರು ಮತ್ತು ಆವೃತ್ತಿಗೂ ಒಂದು ಅಂಕಣ ಇರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಕೈಕಾಲುಗಳಿಲ್ಲದ ರೋಬೋಟುಗಳೂ ಇವೆ. ಕಚೇರಿಯ ಕಂಪ್ಯೂಟರಿನಲ್ಲಿ ಬಿಲ್ಲುಗಳನ್ನು ಓದಿ, ತುಂಬಿ, ಕಳುಹಿಸುವ ಸಾಫ್ಟ್‌ವೇರ್ ರೋಬೋಟುಗಳಿಗೆ ಸಾಮಾನ್ಯವಾಗಿ ಎರಡು ಬಗೆಯ ಲೈಸೆನ್ಸ್. ಉದ್ಯೋಗಿಯ ಪಕ್ಕದಲ್ಲಿ ಅವರ ಕಣ್ಣೆದುರಿಗೆ ಕೆಲಸ ಮಾಡುವುದು ಅಟೆಂಡೆಡ್, ಯಾರೂ ಇಲ್ಲದ ಹೊತ್ತಿನಲ್ಲಿ ತಾನಾಗಿ ನಡೆಯುವುದು ಅನ್‌ಅಟೆಂಡೆಡ್. ಎರಡನೆಯದನ್ನು ಹೆಚ್ಚಾಗಿ ಏಕಕಾಲಕ್ಕೆ ಎಷ್ಟು ಓಡುತ್ತವೆ ಎಂಬ ಲೆಕ್ಕದಲ್ಲಿ ಕೊಡುತ್ತಾರೆ. ಅಂದರೆ ಹತ್ತು ಕೆಲಸಗಳಿಗೆ ಹತ್ತು ಲೈಸೆನ್ಸ್ ಬೇಕೆಂದಿಲ್ಲ, ವೇಳಾಪಟ್ಟಿಯನ್ನು ಹದವಾಗಿ ಹೆಣೆದರೆ ಮೂರರಲ್ಲೇ ಮುಗಿಸಬಹುದು. ಹಾಗೆ ಹೆಣೆಯದೆ ಎಲ್ಲ ಕೆಲಸಗಳನ್ನೂ ಬೆಳಿಗ್ಗೆ ಆರು ಗಂಟೆಗೇ ಇಟ್ಟು, ಲೈಸೆನ್ಸ್ ಸಾಲದೆಂದು ಇನ್ನಷ್ಟು ಕೊಂಡವರನ್ನು ಬಲ್ಲೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಈ ರೋಬೋಟ್ ಬೇರೊಂದು ತಂತ್ರಾಂಶದೊಳಗೆ ಲಾಗಿನ್ ಆಗಿ ಕೆಲಸ ಮಾಡುತ್ತದಲ್ಲ, ಆ ತಂತ್ರಾಂಶದ ಲೆಕ್ಕದಲ್ಲಿ ಅದೂ ಒಬ್ಬ ಬಳಕೆದಾರನೇ? ಅದು ಹೊತ್ತು ತರುವ ಮಾಹಿತಿಯ ಹಿಂದಿರುವ ನೂರಾರು ಜನರೂ ಬಳಕೆದಾರರೇ? 2017ರಲ್ಲಿ ಇಂಗ್ಲೆಂಡಿನ ಹೈಕೋರ್ಟು ವ್ಯವಹಾರ ನಿರ್ವಹಣೆಯ ತಂತ್ರಾಂಶ ಮಾರುವ ಎಸ್‌ಎಪಿ ಮತ್ತು ಮದ್ಯ ತಯಾರಿಸುವ ಡಿಯಾಜಿಯೋ ನಡುವಿನ ಮೊಕದ್ದಮೆಯಲ್ಲಿ ಇದನ್ನು ಹೋಲುವ ಪ್ರಶ್ನೆಯನ್ನೇ ಎದುರಿಸಿತು. ಡಿಯಾಜಿಯೋದ ಗ್ರಾಹಕರೂ ಮಾರಾಟ ಪ್ರತಿನಿಧಿಗಳೂ ಇನ್ನೊಂದು ವೇದಿಕೆಯ ಮೂಲಕ ಎಸ್‌ಎಪಿಯ ಮಾಹಿತಿಯನ್ನು ಪರೋಕ್ಷವಾಗಿ ಬಳಸುತ್ತಿದ್ದರು. ಅಂಥ ಬಳಕೆಗೂ ಶುಲ್ಕ ಸಲ್ಲಬೇಕೆಂದು ನ್ಯಾಯಾಲಯ ಹೇಳಿತು. ಎಸ್‌ಎಪಿ ಕೇಳಿದ್ದ ಮೊತ್ತ ಐದು ಕೋಟಿ ಪೌಂಡುಗಳಿಗೂ ಹೆಚ್ಚು. ಅಲ್ಲಿದ್ದುದು ರೋಬೋಟ್ ಅಲ್ಲ, ಆದರೆ ರೋಬೋಟಿಗೆ ಲಾಗಿನ್ ಕೊಡುವ ಮುನ್ನ ಎದುರಿನ ತಂತ್ರಾಂಶದ ಒಪ್ಪಂದವನ್ನು ಓದುವ ಅಗತ್ಯವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಯಂತ್ರವನ್ನು ಮಾರುವಾಗ ಅಥವಾ ಹಳೆಯದನ್ನು ಕೊಳ್ಳುವಾಗ ಲೈಸೆನ್ಸಿನ ಗತಿಯೇನು? ಕಬ್ಬಿಣವು ಕೊಂಡವನದಾಗುತ್ತದೆ, ಅದರೊಳಗಿನ ತಂತ್ರಾಂಶ ಹಾಗೆ ಆಗಿಯೇ ತೀರಬೇಕೆಂದಿಲ್ಲ. 2015ರಲ್ಲಿ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯ ಮುಂದೆ ಟ್ರ್ಯಾಕ್ಟರ್ ತಯಾರಕರಾದ ಜಾನ್ ಡೀರ್ ಕಂಪನಿ, ಕೊಂಡವರಿಗೆ ಆ ವಾಹನ ಬಾಳುವ ತನಕ ತಂತ್ರಾಂಶವನ್ನು ಬಳಸುವ ಸೂಚಿತ ಪರವಾನಗಿ ಇದೆಯೇ ಹೊರತು ಅದರ ಒಡೆತನವಲ್ಲ ಎಂದು ವಾದಿಸಿತ್ತು. ಇತ್ತ ಯುರೋಪಿನ ನ್ಯಾಯಾಲಯವು 2012ರ ಜುಲೈ 3ರಂದು ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ನಡುವಿನ ಪ್ರಕರಣದಲ್ಲಿ, ಕಾಲಮಿತಿಯಿಲ್ಲದೆ ಮಾರಿದ ತಂತ್ರಾಂಶದ ಪ್ರತಿಯನ್ನು ಕೊಂಡವರು ಮತ್ತೊಬ್ಬರಿಗೆ ಮಾರಬಹುದು, ಮಾರಿದ ಮೇಲೆ ತಮ್ಮಲ್ಲಿರುವ ಪ್ರತಿಯನ್ನು ಬಳಕೆಗೆ ಬಾರದಂತೆ ಮಾಡಬೇಕು, ಅನೇಕ ಬಳಕೆದಾರರಿಗೆಂದು ಒಟ್ಟಾಗಿ ಕೊಂಡ ಲೈಸೆನ್ಸನ್ನು ಒಡೆದು ಮಾರುವಂತಿಲ್ಲ ಎಂದು ತೀರ್ಪಿತ್ತಿದೆ. ದೇಶ ಬದಲಾದಂತೆ ಕಾನೂನು ಬದಲಾಗುತ್ತದೆ. ಹಳೆಯ ಯಂತ್ರವನ್ನು ಕೊಳ್ಳುವವರು ವಕೀಲರಾಗಬೇಕಿಲ್ಲ, ಆದರೆ ಲಾರಿಗೆ ಏರಿಸುವ ಮುನ್ನ ಲೈಸೆನ್ಸ್ ವರ್ಗಾವಣೆಯ ಪತ್ರವನ್ನು ಕೇಳಿ ಪಡೆಯಬೇಕು. ಡಾಂಗಲ್ ಜೊತೆಗೆ ಬಂದಿದೆಯೇ ಎಂದು ಕಣ್ಣಾರೆ ನೋಡಬೇಕು. ಯಂತ್ರವನ್ನು ಬಿಚ್ಚುವವರ ಕಣ್ಣಿಗೆ ಅದು ಯಾರೋ ಮರೆತುಬಿಟ್ಟ ಪೆನ್ ಡ್ರೈವಿನಂತೆ ಕಾಣುತ್ತದೆ.

ಸ್ವತಃ ಯಂತ್ರ ಕಟ್ಟಿ ಮಾರುವವರಿಗೆ ಮುಕ್ತ ತಂತ್ರಾಂಶದ ಪರವಾನಗಿಗಳೂ ಅಷ್ಟೇ ಮುಖ್ಯ. ಬೆಲೆಯಿಲ್ಲದ ಮಾತ್ರಕ್ಕೆ ಅವು ಷರತ್ತಿಲ್ಲದವಲ್ಲ. ರೋಬೋಟ್ ಸಂಶೋಧನೆಯಲ್ಲಿ ಬಳಕೆಯಾಗುವ ಆರ್‌ಒಎಸ್ 2 ಎಂಬ ತಂತ್ರಾಂಶದ ಮುಖ್ಯ ಭಾಗಗಳು ಅಪಾಚೆ ಪರವಾನಗಿಯಲ್ಲಿವೆ, ಅದರ ಷರತ್ತುಗಳು ಹಗುರ. ಸಾಮಾನ್ಯವಾಗಿ ಅದರಡಿಯಲ್ಲಿ ಓಡುವ ಲಿನಕ್ಸ್ ಕರ್ನಲ್ (ಲಿನಕ್ಸ್ ವ್ಯವಸ್ಥೆಯ ತಿರುಳು) ಜಿಪಿಎಲ್ ಎಂಬ ಪರವಾನಗಿಯ ಎರಡನೇ ಆವೃತ್ತಿಯಲ್ಲಿದೆ. ಅದನ್ನು ಸೇರಿಸಿ ಯಂತ್ರ ಮಾರಿದವರು ಅದರ ಮೂಲ ಸಂಕೇತವನ್ನು ಕೊಳ್ಳುವವರಿಗೆ ಒದಗಿಸಲೇಬೇಕು. ಯುರೋಪಿನಲ್ಲಿ 2024ರಲ್ಲಿ ಅಂಗೀಕಾರವಾದ ಸೈಬರ್ ರೆಸಿಲಿಯೆನ್ಸ್ ಕಾಯ್ದೆಯ ಮುಖ್ಯ ನಿಯಮಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ, ಉತ್ಪನ್ನದೊಳಗಿನ ತಂತ್ರಾಂಶದ ಅಂಗಗಳ ಪಟ್ಟಿಯನ್ನು ತಯಾರಕರು ಸಿದ್ಧವಾಗಿಡಬೇಕೆಂದು ಅದು ಹೇಳುತ್ತದೆ.

ಇನ್ನು ನಮ್ಮ ಪಟ್ಟಿಯ ಬಗ್ಗೆ. ತಂತ್ರಾಂಶ ಸ್ವತ್ತುಗಳ ನಿರ್ವಹಣೆಗೆ ಐಎಸ್ಒ 19770 ಎಂಬ ಅಂತಾರಾಷ್ಟ್ರೀಯ ಮಾನಕಗಳ ಸರಣಿಯೇ ಇದೆ. ಮೊದಲ ಭಾಗ 2006ರಲ್ಲಿ ಪ್ರಕಟವಾಗಿ 2017ರಲ್ಲಿ ಪರಿಷ್ಕೃತವಾಯಿತು. ದೊಡ್ಡ ಸಂಸ್ಥೆಗಳಿಗೆ ಅದು ಒಳ್ಳೆಯ ಚೌಕಟ್ಟು. ನಮ್ಮದು ಒಂದು ಸಾಧಾರಣ ಸ್ಪ್ರೆಡ್‌ಶೀಟ್, ಅದರ ಮುದ್ರಿತ ಪ್ರತಿಯೊಂದು ನಿರ್ವಹಣಾ ಕೋಣೆಯ ಬೀರುವಿನಲ್ಲಿ. ಯಂತ್ರದ ಸಂಖ್ಯೆ, ತಂತ್ರಾಂಶ ಮತ್ತು ಆವೃತ್ತಿ, ಲೈಸೆನ್ಸ್ ಸಂಖ್ಯೆ, ಅದು ಯಾವುದಕ್ಕೆ ಕಟ್ಟಿಕೊಂಡಿದೆ, ಪ್ರಮಾಣಪತ್ರ ಎಲ್ಲಿದೆ, ಅವಧಿ, ಕಾಯುವ ತಂತ್ರಾಂಶ, ಯಾರ ಖಾತೆಯಲ್ಲಿ ನೋಂದಣಿಯಾಗಿದೆ ಎಂಬ ವಿವರಗಳೆಲ್ಲ ಅದರಲ್ಲಿವೆ. ಕೊನೆಯದರ ಬಗ್ಗೆ ಒಂದು ಮಾತು. ಸಕ್ರಿಯಗೊಳಿಸುವ ಆತುರದಲ್ಲಿ ಇಂಜಿನಿಯರ್ ಒಬ್ಬರು ತಮ್ಮ ಸ್ವಂತ ಇಮೇಲಿನಿಂದ ಖಾತೆ ತೆರೆದಿರುತ್ತಾರೆ, ಎರಡು ವರ್ಷಗಳ ನಂತರ ಕೆಲಸ ಬಿಟ್ಟುಹೋಗಿರುತ್ತಾರೆ, ಗುಪ್ತಪದ ಬದಲಿಸುವ ಕೊಂಡಿ ಅವರ ಅಂಚೆಪೆಟ್ಟಿಗೆಗೆ ಹೋಗುತ್ತದೆ. ನಮ್ಮ ಪಟ್ಟಿಯನ್ನು ಮೊದಲ ಬಾರಿ ಪೂರ್ತಿ ಮಾಡಿದಾಗ ಇಂಥವು ಹನ್ನೊಂದು ಸಿಕ್ಕವು. ಈಗ ಎಲ್ಲವೂ ವಿಭಾಗದ ಹೆಸರಿನ ಒಂದೇ ಇಮೇಲಿಗೆ ಸೇರಿವೆ, ಅದನ್ನು ತೆರೆಯಬಲ್ಲವರು ಮೂವರು.

ಪಟ್ಟಿಯ ಕೊನೆಯ ಅಂಕಣದಲ್ಲಿ ಮರುಸ್ಥಾಪನೆಯ ಪರೀಕ್ಷೆ ಕೊನೆಗೆ ನಡೆದ ದಿನಾಂಕವನ್ನು ಬರೆಯುತ್ತೇವೆ. ವರ್ಷಕ್ಕೊಮ್ಮೆ, ಯೋಜಿತ ನಿಲುಗಡೆಯ ದಿನ, ಮುಖ್ಯ ಯಂತ್ರಗಳ ಡಿಸ್ಕನ್ನು ನಿಜಕ್ಕೂ ಹೊರತೆಗೆದು ಬದಲಿ ಡಿಸ್ಕನ್ನು ಹಾಕುತ್ತೇವೆ. ಲೈಸೆನ್ಸನ್ನು ಮೊದಲು ಯುಎಸ್‌ಬಿಗೆ ಸಾಗಿಸಿ, ನಕಲನ್ನು ಇಳಿಸಿ, ಲೈಸೆನ್ಸನ್ನು ಮರಳಿ ತಂದು, ಮೊದಲ ಪೆಟ್ಟಿಗೆ ಸಾಲಿನಿಂದ ಹೊರಬೀಳುವ ತನಕ ಗಡಿಯಾರ ನೋಡುತ್ತೇವೆ. ಡಿಸ್ಕ್ ತಾನಾಗಿ ಸತ್ತ ದಿನ ಹೀಗೆ ಮೊದಲೇ ಸಾಗಿಸುವ ಅವಕಾಶ ಸಿಗುವುದಿಲ್ಲ. ಅದಕ್ಕಾಗಿ ಆಯ್ದ ಯಂತ್ರಗಳ ರನ್‌ಟೈಮ್ ಲೈಸೆನ್ಸುಗಳನ್ನು ಡಿಸ್ಕಿನಿಂದ ತೆಗೆದು ಡಾಂಗಲಿಗೆ ಬದಲಿಸಿಕೊಂಡೆವು. ಡಾಂಗಲುಗಳನ್ನು ಕ್ಯಾಬಿನೆಟ್ಟಿನ ಒಳಗಿನ ಯುಎಸ್‌ಬಿಗೆ ಸಿಕ್ಕಿಸಿ, ಕೇಬಲ್ ಟೈಯಿಂದ ಬಿಗಿದು, ಪಕ್ಕದಲ್ಲಿ ಹಳದಿ ಚೀಟಿ ಅಂಟಿಸಿದ್ದೇವೆ: ಇದು ಪೆನ್ ಡ್ರೈವ್ ಅಲ್ಲ, ಕಿತ್ತರೆ ಯಂತ್ರ ನಿಲ್ಲುತ್ತದೆ, ಮೊದಲು ಪಾಳಿಯ ಇಂಜಿನಿಯರಿಗೆ ತಿಳಿಸಿ.

ಕಳೆದ ಪರೀಕ್ಷೆಯಲ್ಲಿ ಪ್ಯಾಕಿಂಗ್ ಸಾಲು 52 ನಿಮಿಷಗಳಲ್ಲಿ ಮತ್ತೆ ಓಡಿತು. ಪಟ್ಟಿಯಲ್ಲಿ ಇನ್ನೂ ಕೆಂಪು ಬಣ್ಣದಲ್ಲಿರುವುದು ಒಂದೇ ಸಾಲು, ಫ್ಲಾಪಿಯ ಕಾಲದ ಆ ಹಳೆಯ ಯಂತ್ರದ್ದು. ಅದರ ಕೀಲಿಯನ್ನು ಹೊಸ ಆವೃತ್ತಿಗೆ ಏರಿಸಿಕೊಡುವುದಾಗಿ ತಯಾರಕರು ಬರೆದಿದ್ದಾರೆ, ಆದರೆ ಅದಕ್ಕಾಗಿ ಹಳೆಯ ಕೀಲಿಯನ್ನು ಮೊದಲು ಫ್ಲಾಪಿಗೆ ಹಿಂದೆ ತಂದು ಒಪ್ಪಿಸಬೇಕಂತೆ. ಮುಂದಿನ ನಿಲುಗಡೆಗೆ ಇನ್ನು ಆರು ವಾರಗಳಿವೆ. ಮೂರು ಫ್ಲಾಪಿಗಳನ್ನು ಹುಡುಕಿ ಪರೀಕ್ಷಿಸಿದ್ದೇನೆ, ಅವುಗಳಲ್ಲಿ ಎರಡನ್ನು ಆ ಹಳೆಯ ಕಂಪ್ಯೂಟರ್ ತಪ್ಪಿಲ್ಲದೆ ಓದುತ್ತಿದೆ.